ಕಿಡ್ನಿ ಕಾಯಿಲೆ ಇರುವ ಮಗುವಿನ ಊಟ: ಪಥ್ಯ ಆಮೇಲೆ, ಬೆಳವಣಿಗೆ ಮೊದಲು

ಮಗುವಿಗೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಾದ ಕೂಡಲೇ ಮನೆಯವರು ತಿನ್ನಬಾರದ ಪದಾರ್ಥಗಳ ಪಟ್ಟಿ ಹುಡುಕಲು ಶುರು ಮಾಡುತ್ತಾರೆ. ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ದೊಡ್ಡವರಿಗಾಗಿ ಬರೆದವು. ದೊಡ್ಡವರು ಬೆಳೆದು ಮುಗಿದಿರುತ್ತಾರೆ, ಮಗು ಇನ್ನೂ ಬೆಳೆಯಬೇಕು ಅಲ್ವಾ? ಆ ಪಟ್ಟಿಯನ್ನು ದಯವಿಟ್ಟು ಪಕ್ಕಕ್ಕಿಡಿ.

ಮೊದಲು ಎರಡು ಕಾಗದ ಮುಂದಿಟ್ಟುಕೊಳ್ಳಿ. ಒಂದು, ತೂಕ ಮತ್ತು ಎತ್ತರ ಬರೆದಿರುವ ಬೆಳವಣಿಗೆಯ ಚಾರ್ಟ್. ಇನ್ನೊಂದು, ಇತ್ತೀಚಿನ ರಕ್ತಪರೀಕ್ಷೆಯ ವರದಿ. ಮಕ್ಕಳ ಕಿಡ್ನಿ ಡಾಕ್ಟರ್ ಮತ್ತು ಡಯೆಟಿಷಿಯನ್ ಇವೆರಡನ್ನೂ ನೋಡಿಯೇ ಏನು ಕಡಿಮೆ ಮಾಡಬೇಕು ಅಂತ ಹೇಳುತ್ತಾರೆ. ವರದಿಯಲ್ಲಿ ಏರದೇ ಇರುವುದನ್ನು ಸುಮ್ನೆ ಭಯಕ್ಕೆ ನಿಲ್ಲಿಸಬೇಡಿ.

ಆಮೇಲೆ ಹೊಟ್ಟೆ ತುಂಬುತ್ತಿದೆಯಾ ನೋಡಿ. ಅದೇ ವಯಸ್ಸಿನ ಬೇರೆ ಮಕ್ಕಳಿಗೆ ಬೇಕಾದಷ್ಟೇ ಕ್ಯಾಲರಿ ಈ ಮಗುವಿಗೂ ಬೇಕು. ಅದು ಸಾಲದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ, ರಕ್ತದಲ್ಲಿ ಯೂರಿಯಾ ಎಂಬ ಕಶ್ಮಲ ಇನ್ನೂ ಏರುತ್ತದೆ. ಪ್ರೋಟೀನ್ ವಿಷಯದಲ್ಲೂ ಇದೇ ತಪ್ಪು ಜಾಸ್ತಿ. ಮೊಟ್ಟೆ, ಬೇಳೆ, ಹಾಲು ಎಲ್ಲ ಒಟ್ಟಿಗೆ ಬಂದ್ ಮಾಡಿಬಿಡುತ್ತಾರೆ. ಮಕ್ಕಳಲ್ಲಿ ಪ್ರೋಟೀನನ್ನು ವಯಸ್ಸಿಗೆ ಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿಸುವುದಿಲ್ಲ. ಡಯಾಲಿಸಿಸ್ ಶುರುವಾದರೆ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಒಂದಿಷ್ಟು ಪ್ರೋಟೀನ್ ಹೊರಗೆ ಹೋಗುತ್ತದೆ.

ಉಪ್ಪಿನ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಬಿಪಿ ಅಥವಾ ಊತ ಇದ್ದರೆ ಉಪ್ಪು ಕಡಿಮೆ ಮಾಡಲೇಬೇಕು. ಆದರೆ ಹುಟ್ಟಿನಿಂದಲೇ ಕಿಡ್ನಿ ಸರಿಯಾಗಿ ಬೆಳೆಯದ ಎಷ್ಟೋ ಮಕ್ಕಳಲ್ಲಿ ನೀರೂ ಉಪ್ಪೂ ಮೂತ್ರದಲ್ಲಿ ಸೋರಿಹೋಗುತ್ತವೆ. ಅಂಥ ಮಗುವಿಗೆ ಉಪ್ಪು ನಿಲ್ಲಿಸಿದರೆ ಬೆಳವಣಿಗೆಯೇ ಕುಂಠಿತವಾಗುತ್ತದೆ. ರಾತ್ರಿ ಎದ್ದೆದ್ದು ನೀರು ಕೇಳಿದರೆ ಬೈಯಬೇಡಿ, ಅದು ಹಟವಲ್ಲ. ನಿಮ್ಮ ಮಗು ಯಾವ ಗುಂಪು ಅಂತ ಡಾಕ್ಟರನ್ನು ನೇರವಾಗಿ ಕೇಳಿ. ‘ಕಡಿಮೆ ಸೋಡಿಯಂ ಉಪ್ಪು’ ಅಂತ ಸಿಗುವುದನ್ನು ಮಾತ್ರ ಕೇಳದೆ ಬಳಸಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ.

ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು, ಅದೂ ಹೊರಗೆ ಏನೂ ಕಾಣಿಸದೆ. ವರದಿಯಲ್ಲಿ ಅದು ಏರಿದ್ದರೆ ಬಾಳೆಹಣ್ಣು, ಎಳನೀರು, ಒಣಹಣ್ಣು, ಟೊಮ್ಯಾಟೊ ಸಾಸ್ ಕಡಿಮೆ ಮಾಡಬೇಕಾಗುತ್ತದೆ. ಆಲೂಗಡ್ಡೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಸಿಪ್ಪೆ ತೆಗೆಯಿರಿ, ತೆಳ್ಳಗೆ ಹೆಚ್ಚಿ, ಪಾತ್ರೆ ತುಂಬಾ ನೀರು ಹಾಕಿ ಕುದಿಸಿ. ಆ ನೀರನ್ನು ಚೆಲ್ಲಿ, ಹೊಸ ನೀರಲ್ಲಿ ಇನ್ನೊಮ್ಮೆ ಬೇಯಿಸಿ, ಬಸಿಯಿರಿ. ಪೊಟ್ಯಾಸಿಯಂ ನೀರಿಗಿಳಿಯುತ್ತದೆ, ಹಾಗಾಗಿ ಬಸಿದ ನೀರನ್ನು ಸೂಪಿಗೆ ಹಾಕಬೇಡಿ. ಬರೀ ಆವಿಯಲ್ಲಿ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ. ಮಲಬದ್ಧತೆಯಿಂದಲೂ ಪೊಟ್ಯಾಸಿಯಂ ಏರಬಹುದು. ಅದನ್ನು ಹೇಳಲು ನಾಚಿಕೆ ಬೇಡ. ಸ್ಟಾರ್ ಫ್ರೂಟ್ (ಕಮರಾಕ್ಷಿ, ದಾರೆಹುಳಿ) ಮಾತ್ರ ಒಂದು ಚೂರೂ ಬೇಡ. ಅದರಲ್ಲಿರುವ ವಿಷ ಕಿಡ್ನಿ ಕೆಟ್ಟವರ ಮೆದುಳಿಗೆ ತಟ್ಟುತ್ತದೆ.

ಫಾಸ್ಫರಸ್ ಏರಿದರೆ ಮೂಳೆ ಸೊರಗುತ್ತದೆ, ರಕ್ತನಾಳ ಗಡಸಾಗುತ್ತದೆ. ಕಡಿಮೆ ಮಾಡುವುದನ್ನು ಪ್ಯಾಕೆಟ್ ತಿನಿಸುಗಳಿಂದ ಶುರು ಮಾಡಿ. ಬೇಳೆಕಾಳಿನ ಫಾಸ್ಫರಸ್‌ನಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಮೈಗೆ ಹತ್ತುತ್ತದೆ. ಕಾರ್ಖಾನೆಯಲ್ಲಿ ಬೆರೆಸಿದ್ದು ಹೆಚ್ಚುಕಡಿಮೆ ಪೂರ್ತಿ ಹತ್ತುತ್ತದೆ. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದಿ. ‘ಫಾಸ್ಫೇಟ್’, ‘ಫಾಸ್ಫಾರಿಕ್’ ಅಂತಲೋ, 338ರಿಂದ 341, 450ರಿಂದ 452ರ ನಡುವಿನ ಸಂಖ್ಯೆಯೋ ಕಂಡರೆ ವಾಪಸ್ ಇಟ್ಟುಬಿಡಿ. ಕೋಲಾ, ಸಂಸ್ಕರಿಸಿದ ಚೀಸ್, ಸಾಸೇಜ್‌ಗಳಲ್ಲಿ ಇದು ಸಾಮಾನ್ಯ. ಫಾಸ್ಫರಸ್ ಹಿಡಿದಿಡುವ ಮಾತ್ರೆ ಕೊಟ್ಟಿದ್ದರೆ ಊಟದ ಜೊತೆಗೇ ಕೊಡಿ. ಅದು ಹೊಟ್ಟೆಯಲ್ಲಿ ಊಟದ ಜೊತೆ ಬೆರೆತರಷ್ಟೇ ಕೆಲಸ ಮಾಡುತ್ತದೆ. ವಿಟಮಿನ್ ಟಾನಿಕ್ಕುಗಳನ್ನು ಸ್ವಂತ ಬುದ್ಧಿಯಿಂದ ಕೊಡಬೇಡಿ, ಈ ಮಕ್ಕಳ ಮೈಯಲ್ಲಿ ವಿಟಮಿನ್ ಎ ಶೇಖರವಾಗುತ್ತಾ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಮಗು ತಿನ್ನುವುದಿಲ್ಲ. ಈ ಕಾಯಿಲೆಯಲ್ಲಿ ವಾಕರಿಕೆ ಇರುತ್ತದೆ, ಬಾಯಿ ರುಚಿ ಕೆಡುತ್ತದೆ. ಒತ್ತಾಯ ಬೇಡ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ ಕೊಡಿ. ಅನ್ನಕ್ಕೆ, ಗಂಜಿಗೆ ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಬೆರೆಸಿದರೆ ಅದೇ ತುತ್ತಿನಲ್ಲಿ ಹೆಚ್ಚು ಕ್ಯಾಲರಿ ಸಿಗುತ್ತದೆ. ತೂಕ ಆಗಲೂ ಏರದಿದ್ದರೆ ಡಾಕ್ಟರ್ ಮೂಗಿನ ಮೂಲಕ ಹೊಟ್ಟೆಗೆ ಆಹಾರ ಇಳಿಸುವ ನಳಿಕೆಯ ಮಾತೆತ್ತಬಹುದು. ಹೆತ್ತವರಿಗೆ ಅದು ಸೋಲಿನ ಹಾಗೆ ಅನಿಸುತ್ತದೆ. ಸೋಲಲ್ಲ. ಮೊದಲ ಎರಡು ವರ್ಷದ ಬೆಳವಣಿಗೆ ಬಹುಪಾಲು ಆಹಾರದಿಂದಲೇ ಆಗುವುದು, ಆಗ ಕಳೆದುಕೊಂಡ ಎತ್ತರ ಮತ್ತೆ ಸಿಗುವುದು ಕಷ್ಟ. ನಳಿಕೆ ಇದ್ದರೂ ಊಟದ ಹೊತ್ತಿಗೆ ಮಗುವನ್ನು ಎಲ್ಲರ ಜೊತೆ ಕೂರಿಸಿಕೊಳ್ಳಿ. ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ನಾಲಗೆಗೆ ಒಂದು ತೊಟ್ಟು ರುಚಿ ತೋರಿಸಿ. ಬಾಯಲ್ಲಿ ತಿನ್ನುವ ರೂಢಿ ತಪ್ಪಿಹೋದರೆ ಮತ್ತೆ ಕಲಿಸುವುದಕ್ಕೆ ತಿಂಗಳುಗಟ್ಟಲೆ ಬೇಕಾಗಬಹುದು.