ಮನೆಯಲ್ಲೇ ರಿಕರ್ವ್ ಬಿಲ್ಲು: ಅಂಟಿಸಲು ಒಂದು ದಿನ, ಕೀಸಲು ಒಂದು ವಾರ

ಮನೆಯಲ್ಲಿ ಮಾಡಿದ ಬಿಲ್ಲು ಮುರಿಯುವ ಸಂದರ್ಭಗಳು ಹೆಚ್ಚೂಕಡಿಮೆ ಎರಡೇ. ಅಂಟು ಒಣಗಿದ ಮರುದಿನವೇ ‘ಎಷ್ಟು ಬಲವಿದೆ ನೋಡೋಣ’ ಎಂದು ಕಿವಿಯ ತನಕ ಎಳೆಯುವುದು ಒಂದು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವುದು ಇನ್ನೊಂದು. ಮುರಿದ ಮೇಲೆ ದೂರು ಮಾತ್ರ ಮರದ ಮೇಲೆ, ಅಂಟಿನ ಮೇಲೆ.

ಇಲ್ಲಿ ವಿವರಿಸುವುದು ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡುವ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು, ಅಂದರೆ ರಿಕರ್ವ್. ಉದ್ದ 66 ಇಂಚು; ಹೆದೆಯನ್ನು 28 ಇಂಚು ಎಳೆಯಲು ಬೇಕಾಗುವ ಬಲ, ಅಂದರೆ ಬಿಲ್ಲಿನ ‘ತೂಕ’, 30 ಪೌಂಡು. ಮೊದಲ ಬಿಲ್ಲೇ 45 ಪೌಂಡಿನದಾಗಲಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ತೂಕ ಹೆಚ್ಚಿದಷ್ಟೂ ಕೀಸುವಾಗಿನ ಸಣ್ಣ ತಪ್ಪೂ ದುಬಾರಿಯಾಗುತ್ತದೆ. ಹೊಸಬರ ಭುಜಕ್ಕೂ ಅದು ಒಳ್ಳೆಯದಲ್ಲ.

ಸಾಮಗ್ರಿ

ಬಿಲ್ಲಿನ ಬೆನ್ನಿಗೆ, ಅಂದರೆ ಗುರಿಯ ಕಡೆಗಿರುವ ಮುಖಕ್ಕೆ, ಬಲಿತ ದೊಡ್ಡ ಬಿದಿರು ಬೇಕು. ಮೇದರ ಅಂಗಡಿಯಲ್ಲಿ ಕನಿಷ್ಠ 4 ಇಂಚು ವ್ಯಾಸದ, ದಪ್ಪ ಗೋಡೆಯ ಗಳವನ್ನೇ ಆರಿಸಿ. 5 ಇಂಚಿನದು ಸಿಕ್ಕರೆ ಇನ್ನೂ ಒಳ್ಳೆಯದು. ಸಣ್ಣ ವ್ಯಾಸದ ಗಳದಿಂದ ಸೀಳಿದ ಪಟ್ಟಿಯ ಬೆನ್ನು ಗುಂಡಗಿರುತ್ತದೆ. ಅಡಿಯನ್ನು ಸಮತಟ್ಟು ಮಾಡುವಷ್ಟರಲ್ಲಿ ಅಂಚಿನಲ್ಲಿ ಏನೂ ಉಳಿದಿರುವುದಿಲ್ಲ. ಒಳಗೆ ಗಟ್ಟಿಯಾಗಿರುವ ಕಿರುಬಿದಿರು ಬಾಣಕ್ಕೆ ಸೊಗಸು, ಈ ಕೆಲಸಕ್ಕೆ ಬೇಡ.

ಹೊಟ್ಟೆಗೆ, ಅಂದರೆ ನಮ್ಮ ಕಡೆಗಿರುವ ಮುಖಕ್ಕೆ, ದಡಸಲು ಮರದ ಎರಡು ಪಟ್ಟಿ. ಕೆಲವೆಡೆ ಇದನ್ನು ತಡಸಲು ಎನ್ನುತ್ತಾರೆ. ಕೊಡಲಿ ಕಾವಿಗೆ ಒದಗುವ, ಬಾಗಿ ಮತ್ತೆ ನೆಟ್ಟಗಾಗುವ ಮರ. ಅದು ಸಿಗದಿದ್ದರೆ ಬಿದಿರಿನ ಪಟ್ಟಿಗಳನ್ನೇ ಹೊಟ್ಟೆಗೂ ಹಾಕಬಹುದು. ಮನೆಯಲ್ಲಿ ಮಿಕ್ಕಿದ ಸಾಗುವಾನಿ ಇದೆಯೆಂದು ಅದಕ್ಕೆ ಕೈಹಾಕಬೇಡಿ: ಎಣ್ಣೆಯಂಶದಿಂದ ಅಂಟು ಹಿಡಿಯುವುದು ಕಷ್ಟ, ಬಾಗುವ ಗುಣವೂ ಸಾಲದು. ಯಾವ ಮರವಾದರೂ ನಾರಿನ ಗೆರೆ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಬೇಕು. ಗೆರೆ ಮಧ್ಯದಲ್ಲಿ ಅಂಚಿನಿಂದ ಹೊರಬಿದ್ದರೆ ಬಿಲ್ಲು ಮುರಿಯುವುದು ಅಲ್ಲೇ. ಹಿಡಿಗೆ ಹೊನ್ನೆಯ 16 ಇಂಚಿನ ತುಂಡು ಸಾಕು.

ಪಟ್ಟಿಗಳನ್ನು ಸೀಳಿ ನೆರಳಲ್ಲಿ ಒಣಗಿಸಿ, ನಾಲ್ಕು ದಿನಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಇಳಿಯುತ್ತಿದ್ದ ತೂಕ ನಿಂತಿತೆಂದರೆ ಮರ ಸಿದ್ಧ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಶುರು ಮಾಡದಿರುವುದೇ ಮೇಲು. ತೇವ ಕುಡಿದ ಮರದ ಬಿಲ್ಲು ಎಳೆದಷ್ಟಕ್ಕೇ ಬಾಗಿ ಉಳಿದುಬಿಡುತ್ತದೆ. ದೀಪಾವಳಿ ಕಳೆಯಲಿ.

ಅಳತೆ ಮತ್ತು ಅಚ್ಚು

ಬಿದಿರು ಪಟ್ಟಿ ಮಧ್ಯದಲ್ಲಿ 4.5 ಮಿ.ಮೀ., ತುದಿಯಲ್ಲಿ 2.5 ಮಿ.ಮೀ. ದಪ್ಪ. ಮರದ ಪಟ್ಟಿಗಳು ಮಧ್ಯದಲ್ಲಿ ತಲಾ 4 ಮಿ.ಮೀ., ತುದಿಯಲ್ಲಿ 3 ಮಿ.ಮೀ. ತೋಳಿನ, ಅಂದರೆ ಹಿಡಿಯಿಂದ ತುದಿಯವರೆಗೆ ಬಾಗುವ ಭಾಗದ, ಅಗಲ ಹಿಡಿಯ ಬಳಿ 35 ಮಿ.ಮೀ.; ಅರ್ಧದವರೆಗೆ ಹಾಗೇ ಸಾಗಿ, ಅಲ್ಲಿಂದ ತುದಿಗೆ 12 ಮಿ.ಮೀ.ಗೆ ಇಳಿಯಬೇಕು. ಬಿದಿರನ್ನು ತೆಳ್ಳಗೆ ಮಾಡುವುದು ಒಳಮೈಯಿಂದ ಮಾತ್ರ. ಹೊರಗಿನ ನುಣುಪು ಚರ್ಮವನ್ನು ಮೆಲ್ಲಗೆ ಕೆರೆಯಬಹುದು, ಆದರೆ ಗಿಣ್ಣುಗಳನ್ನು ಚಪ್ಪಟೆ ಮಾಡಲು ಅರ ತಾಗಿಸಬೇಡಿ. ಅಲ್ಲಿ ನಾರು ಕಡಿದರೆ ಸಿಗುರು ಏಳುವುದು ಖಚಿತ.

ಅಚ್ಚಿಗೆ 18 ಮಿ.ಮೀ. ಪ್ಲೈವುಡ್‌ನ ಎರಡು ಹಲಗೆಗಳನ್ನು ಜೋಡಿಸಿ. ಮೇಲಂಚು ನೇರವಾಗಿ ಸಾಗಿ, ಎರಡೂ ಕಡೆಯ ಕೊನೆಯ 7 ಇಂಚು ಮಾತ್ರ, 10 ಇಂಚು ತ್ರಿಜ್ಯದ ಕಮಾನಿನಂತೆ ಕೆಳಕ್ಕಿಳಿಯಬೇಕು. ಇದಕ್ಕಿಂತ ಕಡಿದಾಗಿ ಬಾಗಿಸಿದರೆ 3 ಮಿ.ಮೀ. ಮರ ಒಣದಾಗಿ ಬಾಗುವುದಿಲ್ಲ, ಹಬೆ ಕೊಡಬೇಕಾಗುತ್ತದೆ. ಕಡಿದಾದ ತುದಿಯ ಬಿಲ್ಲು ನೋಡಲು ಚೆಂದ, ಆದರೆ ತಿರುಚಿಕೊಳ್ಳುವುದರಲ್ಲೂ ಅದೇ ಮೊದಲು. ಅಂಚಿಗೆಲ್ಲ ಪಾರ್ಸೆಲ್ ಟೇಪ್ ಅಂಟಿಸಿ. ಇಲ್ಲದಿದ್ದರೆ ಬಿಲ್ಲಿನ ಜೊತೆ ಅಚ್ಚೂ ಅಂಟಿಕೊಂಡು ಬರುತ್ತದೆ.

ಅಂಟಿಸುವುದು

ಎರಡು ಭಾಗ ಬೆರೆಸುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಬೇಕು. ಐದು ನಿಮಿಷದ ಎಪಾಕ್ಸಿ ತಂದರೆ ಎರಡನೇ ಪಟ್ಟಿಗೆ ಬಳಿಯುವಾಗಲೇ ಮೊದಲನೆಯದು ಬಿಗಿದಿರುತ್ತದೆ. ಬಡಗಿಗಳು ಬಳಸುವ ಬಿಳಿ ಅಂಟು ಮೇಜು ಕುರ್ಚಿಗೆ ಸರಿ. ಸದಾ ಎಳೆತದಲ್ಲಿರುವ ಬಾಗಿದ ತುದಿಯಲ್ಲಿ ಅದು ನಿಧಾನವಾಗಿ ಜಾರುತ್ತದೆ, ಬಾಗು ಬಿಚ್ಚಿಕೊಳ್ಳುತ್ತದೆ.

60 ನಂಬರಿನ ಉಪ್ಪುಕಾಗದದಿಂದ ಅಂಟುವ ಮುಖಗಳನ್ನು ಒರಟು ಮಾಡಿ, ಅಸಿಟೋನ್‌ನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬಿದಿರಿನ ಚರ್ಮ ಅಚ್ಚಿಗೆ ತಾಗಿರಲಿ, ಅದರ ಮೇಲೆ ಎರಡು ಮರದ ಪಟ್ಟಿ, ಎಲ್ಲದರ ಮೇಲೆ ಹಿಡಿಯ ತುಂಡು. ಹಿಡಿಯ ಎರಡು ತುದಿಗಳೂ ಕಾಗದದಷ್ಟು ತೆಳ್ಳಗೆ ಇಳಿಜಾರಾಗಿರಬೇಕು. ಅಲ್ಲಿ ಮೆಟ್ಟಿಲು ಉಳಿದರೆ ತೋಳು ಬಾಗಿದಾಗ ಅದೇ ಜಾಗದಿಂದ ಬಿರುಕು ಶುರು. ಹಳೆಯ ಸೈಕಲ್ ಟ್ಯೂಬನ್ನು ಒಂದಿಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಮಧ್ಯದಿಂದ ತುದಿಗೆ ಎಳೆದು ಸುತ್ತಿ. ಕಬ್ಬಿಣದ ಕ್ಲ್ಯಾಂಪು ಬಿಗಿದು ಅಂಟನ್ನೆಲ್ಲ ಹಿಂಡಿ ಹೊರಹಾಕುವವರಿದ್ದಾರೆ. ಎಪಾಕ್ಸಿಗೆ ಅಷ್ಟು ಒತ್ತಡ ಬೇಡ, ಅಂಟು ಸಾಲದ ಸಂದು ಕಾಗದದ ಹಾಗೆ ಬಿಟ್ಟುಕೊಳ್ಳುತ್ತದೆ. 24 ಗಂಟೆ ಮುಟ್ಟದೆ ಬಿಡಿ. ಆಮೇಲೆ ತುದಿಯಿಂದ ತುದಿಗೆ ದಾರ ಎಳೆದು ಮಧ್ಯರೇಖೆ ಗುರುತಿಸಿ, ಅಳತೆಗೆ ಕತ್ತರಿಸಿ, ಅಂಚು ದುಂಡಗೆ ಮಾಡಿ.

ಕೀಸುವುದು, ಅರ್ಥಾತ್ ಟಿಲ್ಲರಿಂಗ್

ಎರಡು ತೋಳುಗಳೂ ಸಮವಾಗಿ, ಪ್ರತಿ ತೋಳೂ ತನ್ನ ಉದ್ದಕ್ಕೂ ಸಮವಾಗಿ ಬಾಗುವ ಹಾಗೆ ಹೊಟ್ಟೆಯ ಕಡೆಯಿಂದ ಮರ ತೆಗೆಯುವ ಕೆಲಸವಿದು. ಬೆನ್ನಿನ ಬಿದಿರನ್ನು ಮುಟ್ಟುವಂತಿಲ್ಲ.

ಗೋಡೆಗೆ ಒಂದು ಕವೆ ಬಡಿದು ಹಿಡಿಯನ್ನು ಅದರಲ್ಲಿ ಕೂರಿಸಿ. ನೆಲದಲ್ಲೊಂದು ರಾಟೆ, ರಾಟೆಯ ಮೂಲಕ ಹೆದೆ ಎಳೆಯುವ ಹಗ್ಗ, ಹೆದೆಗೂ ಹಗ್ಗಕ್ಕೂ ನಡುವೆ ಕೊಕ್ಕೆ ತಕ್ಕಡಿ. ಹಿಂದಿನ ಗೋಡೆಯ ಮೇಲೆ 5 ಸೆಂ.ಮೀ. ಚೌಕಗಳ ಗೆರೆ ಎಳೆಯಿರಿ. ಮೊಬೈಲನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಪ್ರತಿ ಸಲವೂ ಫೋಟೊ ತೆಗೆಯಿರಿ. ನಿಂತು ನೋಡುವ ಕಣ್ಣು ಎರಡು ತೋಳುಗಳ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ, ಫೋಟೊ ಬಿಡುವುದಿಲ್ಲ.

ಮೊದಲು ಉದ್ದನೆಯ ಸಡಿಲ ಹೆದೆ ಕಟ್ಟಿ ನಾಲ್ಕೈದು ಇಂಚು ಮಾತ್ರ ತುದಿಗಳನ್ನು ಬಾಗಿಸಿ. ರಿಕರ್ವ್‌ನಲ್ಲಿ ಸಡಿಲ ಹೆದೆ ತೋರಿಸುವ ಬಾಗು ಪೂರ್ತಿ ನಿಜವಲ್ಲ, ಏಕೆಂದರೆ ಅದು ತುದಿಯನ್ನು ಎಳೆಯುವ ಕೋನವೇ ಬೇರೆ. ಎರಡೂ ತೋಳು ಸುಮಾರಾಗಿ ಸಮ ಕಂಡೊಡನೆ ಗಿಡ್ಡ ಹೆದೆಗೆ ಬದಲಾಯಿಸಿ, ಹಿಡಿಯಿಂದ 4 ಇಂಚಿನಷ್ಟೇ ಎತ್ತರಕ್ಕೆ ಏರಿಸಿ. ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ.

ಕ್ರಮ ಹೀಗೆ: ಗಡಸಾದ ಜಾಗದಲ್ಲಿ ಉಕ್ಕಿನ ಸ್ಕ್ರೇಪರಿನಿಂದ ಇಪ್ಪತ್ತು ಸಲ ಕೆರೆಯಿರಿ. ಬಳಿಕ, ಹಿಂದಿನ ಸಲ ಎಷ್ಟು ಎಳೆದಿದ್ದಿರೋ ಅಷ್ಟೇ ಉದ್ದಕ್ಕೆ ಮೂವತ್ತು ಸಲ ಎಳೆದು ಬಿಡಿ. ರಾಟೆಯ ಹಗ್ಗ ಹಿಡಿದೇ ಮೆಲ್ಲಗೆ ಬಿಡಬೇಕು. ಆಮೇಲೆ ನೋಡಿ. ಮರ ತೆಗೆದ ಪರಿಣಾಮ ಕೂಡಲೇ ಕಾಣುವುದಿಲ್ಲ, ಎಳೆದು ಪಳಗಿಸಿದ ಮೇಲೆಯೇ ಕಾಣುವುದು. ಇದನ್ನು ಬಿಟ್ಟು ‘ಇನ್ನೂ ಗಡುಸಾಗಿದೆ’ ಎಂದು ಮತ್ತೆ ಮತ್ತೆ ಕೆರೆಯುವವರು ಸಂಜೆಯ ಹೊತ್ತಿಗೆ 15 ಪೌಂಡಿನ ಬಿಲ್ಲು ಹಿಡಿದು ಕೂತಿರುತ್ತಾರೆ. ಬಿಗಿತ ದಪ್ಪದ ಘನಕ್ಕೆ ಅನುಗುಣ: ದಪ್ಪ ಹತ್ತು ಶೇಕಡಾ ಇಳಿದರೆ ಆ ಜಾಗದ ಬಿಗಿತ 27 ಶೇಕಡಾ ಹೋಯಿತು. ಆ್ಯಂಗಲ್ ಗ್ರೈಂಡರ್‌ನಿಂದ ಬೇಗ ಮುಗಿಸುವ ವಿಡಿಯೊಗಳಿವೆ. ಅದರಿಂದ ಬೇಗ ಸಿಗುವುದು ಸೌದೆ.

ಸಮ ಬಾಗು ಬಂದ ಮೇಲಷ್ಟೇ ಇನ್ನೊಂದು ಇಂಚು ಮುಂದೆ ಎಳೆಯಬೇಕು. ಯಾವ ಹಂತದಲ್ಲೂ ತಕ್ಕಡಿ 32 ಪೌಂಡು ದಾಟಬಾರದು, 20 ಇಂಚಿಗೇ 32 ಬಂದರೆ 20ರಲ್ಲೇ ನಿಲ್ಲಿ, ಎರಡೂ ತೋಳುಗಳನ್ನು ಉದ್ದಕ್ಕೂ ಸಮವಾಗಿ ಕೆರೆದು ಮುಂದುವರಿಯಿರಿ.

ಗಡಸು ಜಾಗ ಹುಡುಕಲು ಒಂದು ಸುಲಭ ಸಾಧನವಿದೆ. 15 ಸೆಂ.ಮೀ. ಉದ್ದದ ನೇರವಾದ ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲ್ ಸಿಕ್ಕಿಸಿ. ಹೆದೆಯೇರಿಸಿದ ಬಿಲ್ಲಿನ ಹೊಟ್ಟೆಯ ಮೇಲೆ, ಅತಿ ಹೆಚ್ಚು ಬಾಗಿದ ಕಡೆ ಇಟ್ಟು ಪೆನ್ಸಿಲ್ ಮೊನೆ ಮೈಗೆ ತಾಗಿಯೂ ತಾಗದಂತೆ ಹೊಂದಿಸಿ. ಈಗ ತೋಳಿನ ಉದ್ದಕ್ಕೂ ಎಳೆದರೆ ಕಡಿಮೆ ಬಾಗಿದ ಕಡೆಗಳಲ್ಲೆಲ್ಲ ಗೀಟು ಬೀಳುತ್ತದೆ. ಗೀಟು ಬಿದ್ದಲ್ಲಿ ಕೆರೆಯಿರಿ. ತುದಿಯ 7 ಇಂಚಿನ ಬಾಗಿನ ಮೇಲೆ ಇದು ನಡೆಯದು, ಅಲ್ಲಿ ಕೆರೆಯುವ ಅಗತ್ಯವೂ ಇಲ್ಲ. ಆ ಭಾಗ ಬಿಗಿಯಾಗಿಯೇ ಇರಬೇಕು. ತೆಳ್ಳಗಾದರೆ ಎಳೆದಾಗ ಬಾಗು ಬಿಚ್ಚಿಕೊಳ್ಳುತ್ತದೆ, ರಿಕರ್ವ್ ಮಾಡಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಒಂದೇ ಜಾಗ ಬಾಗಿಲ ಕೀಲಿನಂತೆ ಮಡಚಿಕೊಳ್ಳುವುದು ಅತಿ ಸಾಮಾನ್ಯ ಕಾಯಿಲೆ. ಆ ಜಾಗದ ಎರಡೂ ಕಡೆ ಎರಡು ಇಂಚನ್ನು ಪೆನ್ಸಿಲಿನಿಂದ ಗುರುತು ಮಾಡಿ, ಅದರೊಳಗೆ ಮುಟ್ಟದೆ ತೋಳಿನ ಉಳಿದೆಲ್ಲ ಭಾಗವನ್ನು ಕೆರೆಯಿರಿ. ಬಿಲ್ಲಿನ ತೂಕ ಇಳಿಯುತ್ತದೆ, ಆದರೆ ಬಿಲ್ಲು ಉಳಿಯುತ್ತದೆ. ಹೊಟ್ಟೆಯ ಮೇಲೆ ಅಡ್ಡಡ್ಡ ಕೂದಲೆಳೆಯಂಥ ಸುಕ್ಕು ಕಂಡರೆ ಮರ ಅಲ್ಲಿ ಜಜ್ಜಿಹೋಗುತ್ತಿದೆ ಎಂದರ್ಥ. ಎಳೆತಕ್ಕೆ ಬಿದಿರು ಬಲು ಗಟ್ಟಿ, ಹಾಗಾಗಿ ಇಂಥ ಬಿಲ್ಲಿನಲ್ಲಿ ಮೊದಲು ಸೋಲುವುದು ಹೊಟ್ಟೆಯೇ. ಸುಕ್ಕಿಗೆ ಅಂಟು ತುಂಬಿ ಪ್ರಯೋಜನವಿಲ್ಲ. ಉಳಿದ ಭಾಗ ತೆಳ್ಳಗೆ ಮಾಡಿ ಭಾರ ಹಂಚುವುದೊಂದೇ ದಾರಿ.

ತುದಿ ಒಂದು ಪಕ್ಕಕ್ಕೆ ತಿರುಚಿಕೊಂಡರೆ, ಅದು ವಾಲಿದ್ದು ದುರ್ಬಲ ಅಂಚಿನ ಕಡೆಗೆ. ಎದುರಿನ ಗಟ್ಟಿ ಅಂಚನ್ನು ಹೊಟ್ಟೆಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಕೆರೆಯಿರಿ.

ಮೂರು ಬೆರಳಿನಲ್ಲಿ, ಒಂದು ಬಾಣದ ಮೇಲೆ, ಎರಡು ಕೆಳಗೆ ಇಟ್ಟು ಎಳೆಯುವವರಿಗೆ ಕೆಳತೋಳು ತುಸು ಬಿಗಿಯಿರಬೇಕು. ಹಿಡಿಯ ಇಳಿಜಾರು ಮುಗಿಯುವ ಕಡೆ ಹೆದೆಗೂ ತೋಳಿಗೂ ಇರುವ ಅಂತರ ಅಳೆದಾಗ ಮೇಲಿನದು 3ರಿಂದ 4 ಮಿ.ಮೀ. ಹೆಚ್ಚಿರಲಿ. 28 ಇಂಚಿಗೆ 32 ಪೌಂಡು ಬಂದಾಗ ಸ್ಕ್ರೇಪರ್ ಕೆಳಗಿಡಿ. ಉಳಿದ ಎರಡು ಪೌಂಡನ್ನು ಉಪ್ಪುಕಾಗದ ಮತ್ತು ಮೊದಲ ನೂರು ಬಾಣಗಳು ತಿನ್ನುತ್ತವೆ. ಪಾಲಿಯುರಿಥೇನ್ ಮೂರು ಕೋಟ್ ಹೊಡೆದರೆ ಮೈ ಕೆಲಸ ಮುಗಿಯಿತು.

ಹೆದೆ

12 ಎಳೆಯ ಡೇಕ್ರಾನ್ (ಪಾಲಿಯೆಸ್ಟರ್ ನೂಲು), ಉದ್ದ ಬಿಲ್ಲಿಗಿಂತ 4 ಇಂಚು ಕಡಿಮೆ, ಅಂದರೆ 62 ಇಂಚು. ಹಿಗ್ಗದ ಹೊಸ ಕಾಲದ ನೂಲುಗಳು ಬಾಣಕ್ಕೆ ವೇಗ ಕೊಡುವುದು ನಿಜ, ಆದರೆ ಬಲಪಡಿಸದ ಮರದ ತುದಿಯನ್ನು ಅವು ಸೀಳಬಲ್ಲವು. ನೈಲಾನ್ ಹಗ್ಗ ಇದಕ್ಕೆ ವಿರುದ್ಧ: ಎಳೆದಷ್ಟೂ ಹಿಗ್ಗುತ್ತದೆ. ತುದಿಯ ಹೊಟ್ಟೆ ಭಾಗದಲ್ಲಿ 3 ಇಂಚು ಉದ್ದದ ತೆಳು ತೋಡು ಕೊರೆದರೆ ಹೆದೆ ಜಾರದೆ ನಡುವೆ ಕೂರುತ್ತದೆ. ಏರಿಸುವಾಗ ಎರಡು ತುದಿಗೂ ಟೊಪ್ಪಿಗೆಯಿರುವ ಸ್ಟ್ರಿಂಗರ್ ಹಗ್ಗವನ್ನೇ ಬಳಸಿ. ಕಾಲ ಸಂದಿಯಲ್ಲಿ ಬಿಲ್ಲು ತೂರಿಸಿ ಏರಿಸುವ ಶೋಕಿಯಿಂದ ರಿಕರ್ವ್ ತೋಳು ತಿರುಚಿಹೋಗುತ್ತದೆ.

ಹೊಂದಾಣಿಕೆ

ಹಿಡಿಯ ಆಳದ ಜಾಗದಿಂದ ಹೆದೆಗೆ ಇರುವ ಅಂತರ 7.5 ಇಂಚಿನಿಂದ ಶುರುವಾಗಲಿ. ಹೆದೆಗೆ ನಾಲ್ಕು ತಿರುವು ಕೊಡಿ, ಆರು ಬಾಣ ಬಿಡಿ, ಸದ್ದು ಕೇಳಿ. ಮತ್ತೆ ನಾಲ್ಕು ತಿರುವು. 8.5 ಇಂಚಿನೊಳಗೆ ಎಲ್ಲೋ ಒಂದು ಕಡೆ ಸದ್ದು ತಗ್ಗಿ ಕೈಗೆ ಬರುವ ನಡುಕ ಕಡಿಮೆಯಾಗುತ್ತದೆ. ಆ ಎತ್ತರವನ್ನು ಬರೆದಿಡಿ. ಹೊಸ ಡೇಕ್ರಾನ್ ಮೊದಲ ದಿನಗಳಲ್ಲಿ ಹಿಗ್ಗುವುದರಿಂದ ಪ್ರತಿ ಸಲವೂ ಅಳೆಯಬೇಕು.

ಬಾಣ ಕೂರುವ ಹಿತ್ತಾಳೆ ಗುರುತನ್ನು ಬಾಣದ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ ಹೆದೆಗೆ ಹಾಕಿ, ಸದ್ಯಕ್ಕೆ ಸಡಿಲವಾಗಿಯೇ. ಬಾಣದ ತೂಕ 19 ಗ್ರಾಮಿಗಿಂತ ಕಡಿಮೆ ಬೇಡ. ತೀರಾ ಹಗುರ ಬಾಣ ಬಿಟ್ಟರೆ ಬಿಲ್ಲಿಗೆ ಬರಿ ಹೆದೆ ಬಿಟ್ಟಷ್ಟೇ ಪೆಟ್ಟು.

ಇನ್ನು ಗರಿಯಿಲ್ಲದ ಬಾಣದ ಪರೀಕ್ಷೆ. 12 ಮೀಟರಿನಿಂದ, ಹಿಂದೆ ಮಣ್ಣಿನ ದಿಬ್ಬ ಅಥವಾ ದಪ್ಪ ಹುಲ್ಲಿನ ಮೆದೆ ಇರುವ ಕಡೆ, ಗರಿಯಿರುವ ಮೂರು, ಗರಿಯಿಲ್ಲದ ಎರಡು ಬಾಣ ಬಿಡಿ. ಗರಿಯಿಲ್ಲದವು ಮೇಲೆ ನಾಟಿದರೆ ಹಿತ್ತಾಳೆ ಗುರುತನ್ನು 2 ಮಿ.ಮೀ. ಮೇಲಕ್ಕೆ ಸರಿಸಿ, ಕೆಳಗೆ ನಾಟಿದರೆ ಕೆಳಕ್ಕೆ. ಮೇಲೆ ಕೆಳಗಿನ ಲೆಕ್ಕ ಸರಿಹೋಗುವ ತನಕ ಎಡ ಬಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಂತರ, ಬಲಗೈಯಲ್ಲಿ ಎಳೆಯುವವರಿಗೆ ಗರಿಯಿಲ್ಲದ್ದು ಎಡಕ್ಕೆ ಬಿದ್ದರೆ ಬಾಣದ ಕಡ್ಡಿ ಗಡುಸು: ಭಾರದ ಮೊನೆ ಹಾಕಿ. ಬಲಕ್ಕೆ ಬಿದ್ದರೆ ಕಡ್ಡಿ ಮೆದು: ಮೊನೆ ಹಗುರ ಮಾಡಿ, ಸಾಲದಿದ್ದರೆ ಕಡ್ಡಿಯನ್ನು ಕಾಲಿಂಚು ಕತ್ತರಿಸಿ ಮತ್ತೆ ನೋಡಿ. ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದು, ಆದ್ದರಿಂದ ಮೊನೆಯ ತೂಕ ಬದಲಿಸುವುದೇ ಮೊದಲು. ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಳ್ಳಲಿ. ಎರಡೂ ಬಗೆಯ ಬಾಣಗಳು ಒಂದು ಗೇಣಿನೊಳಗೆ ಬೀಳತೊಡಗಿದ ಮೇಲೆ ಹಿತ್ತಾಳೆ ಗುರುತನ್ನು ಇಕ್ಕಳದಿಂದ ಬಿಗಿ ಮಾಡಿ.