ಹೊಸ ಏರ್‌ಪೋರ್ಟ್ ಸೀನರಿ ಹಾಕಿದ ಮೇಲೆ ಜರ್ಕ್ ಹೊಡೆಯುತ್ತಿದೆಯಾ? ಸ್ಲೈಡರ್ ಮುಟ್ಟುವ ಮುಂಚೆ ಇದನ್ನು ಓದಿ

ಫ್ಲೈಟ್ ಸಿಮ್ಯುಲೇಟರ್‌ಗೆ (ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಾಫ್ಟ್‌ವೇರ್, ಚಿಕ್ಕದಾಗಿ ಸಿಮ್) ಹೊಸ ಸೀನರಿ, ಅಂದರೆ ಏರ್‌ಪೋರ್ಟ್‌ನ ಆಡ್-ಆನ್ ಮಾದರಿ, ಹಾಕಿರುತ್ತೀರಿ. ಮೇಲೆ ಕ್ರೂಸ್‌ನಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಇಳಿಯುವಾಗಲೂ 40 ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಮೇಲೇ ಇದೆ. ಫೈನಲ್‌ಗೆ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿ) ತಿರುಗಿ, ರನ್‌ವೇ ಕಣ್ಣೆದುರು ಬಂದು, ಇನ್ನೇನು 500 ಅಡಿ ಅನ್ನುವಾಗ ಪರದೆ ಅರ್ಧ ಸೆಕೆಂಡ್ ನಿಂತುಬಿಡುತ್ತದೆ. ಮತ್ತೆ ಓಡುವಷ್ಟರಲ್ಲಿ ವಿಮಾನದ ಮೂಗು ಒಂದು ಕಡೆ, ಸೆಂಟರ್‌ಲೈನ್ ಇನ್ನೊಂದು ಕಡೆ. ದುಡ್ಡು ಕೊಟ್ಟು ತಂದ ಸೀನರಿ ನೋಡಬೇಕಾದ ಹೊತ್ತಿಗೇ ಕೈಕೊಟ್ಟರೆ ಬೇಜಾರಾಗುತ್ತೆ ಅಲ್ವಾ.

ನನಗೂ ಹೀಗಾದಾಗ ಗ್ರಾಫಿಕ್ಸ್ ಸೆಟ್ಟಿಂಗ್‌ನ ಎಲ್ಲ ಸ್ಲೈಡರ್‌ಗಳನ್ನೂ ಒಟ್ಟಿಗೆ ಕೆಳಗಿಳಿಸಿದ್ದೆ. ಸಿಮ್ ಸಪ್ಪೆಯಾಯಿತು, ಜರ್ಕ್ ಮಾತ್ರ ಹೋಗಲಿಲ್ಲ. ಯಾಕೆಂದರೆ ಎಫ್‌ಪಿಎಸ್ ಕಮ್ಮಿ ಇರುವುದು ಬೇರೆ, ಜರ್ಕ್ ಬೇರೆ. ಎಫ್‌ಪಿಎಸ್ ಅನ್ನುವುದು ಸರಾಸರಿ. ಸೆಕೆಂಡಿಗೆ 30 ಫ್ರೇಮ್ ಸಮನಾಗಿ ಬಂದರೆ ಒಂದೊಂದಕ್ಕೆ ಸುಮಾರು 33 ಮಿಲಿಸೆಕೆಂಡ್, ಕಣ್ಣಿಗೆ ಹಾಯಾಗಿ ಕಾಣುತ್ತದೆ. ಅದೇ ಸೆಕೆಂಡಿನಲ್ಲಿ ಒಂದೇ ಒಂದು ಫ್ರೇಮ್ 300 ಮಿಲಿಸೆಕೆಂಡ್ ತಿಂದು, ಉಳಿದವು ಬೇಗ ಬೇಗ ಬಂದರೆ ಲೆಕ್ಕದಲ್ಲಿ ಎಫ್‌ಪಿಎಸ್ ಜಾಸ್ತಿಯೇ ಇರಬಹುದು, ಆದರೆ ನಿಮಗೆ ಕಾಣುವುದು ಆ ಒಂದು ಎಳೆತ. ಅದಕ್ಕೇ ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ, ನೋಡಿ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಡಿಬಗ್ ಮೆನುವಿನಲ್ಲಿ ಎಫ್‌ಪಿಎಸ್ ಡಿಸ್‌ಪ್ಲೇ ಹಾಕಿಕೊಳ್ಳಿ. ಯಾವುದರಿಂದ ತಡವಾಗುತ್ತಿದೆ ಅಂತ ಅದೇ ಹೇಳುತ್ತದೆ: ಮೇನ್ ಥ್ರೆಡ್ಡೋ (ಸಿಪಿಯುವಿನಲ್ಲಿ ಸಿಮ್‌ನ ಮುಖ್ಯ ಕೆಲಸದ ಸಾಲು) ಜಿಪಿಯುವೋ (ಗ್ರಾಫಿಕ್ಸ್ ಕಾರ್ಡ್). ವಿಡಿಯೋ ಮೆಮೊರಿ (ಗ್ರಾಫಿಕ್ಸ್ ಕಾರ್ಡ್‌ನ ಸ್ವಂತ ಮೆಮೊರಿ) ಎಷ್ಟು ತುಂಬಿದೆ ಅನ್ನುವುದೂ ಅಲ್ಲೇ ಇದೆ. ಇನ್ನೊಂದು ಸಿಮ್ ಆದ ಎಕ್ಸ್-ಪ್ಲೇನ್‌ನಲ್ಲಿ ಡೇಟಾ ಔಟ್‌ಪುಟ್‌ಗೆ ಹೋಗಿ ಫ್ರೇಮ್ ರೇಟ್ ಸಾಲಿಗೆ ಟಿಕ್ ಹಾಕಿದರೆ ಸಿಪಿಯು ಸಮಯ, ಜಿಪಿಯು ಸಮಯ ಎರಡೂ ಬೇರೆ ಬೇರೆ ಕಾಣುತ್ತವೆ. ಇದನ್ನು ತೆರೆದಿಟ್ಟುಕೊಂಡು ಜರ್ಕ್ ಬರುವ ಏರ್‌ಪೋರ್ಟ್‌ಗೆ ಒಮ್ಮೆ ಇಳಿಯಿರಿ. ಜರ್ಕ್ ಬಂದ ಕ್ಷಣದಲ್ಲಿ ಯಾವ ಅಂಕಿ ಎಗರಿತು ಅಂತ ಗಮನಿಸಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಮೊದಲು ವಿಡಿಯೋ ಮೆಮೊರಿ, ನಾನು ನೋಡಿದ ಮಟ್ಟಿಗೆ ಡೀಟೇಲ್ಡ್ ಏರ್‌ಪೋರ್ಟ್‌ಗಳ ದೊಡ್ಡ ತೊಂದರೆ ಇದೇ. 4096 × 4096 ಪಿಕ್ಸೆಲ್ ಅಳತೆಯ (4ಕೆ) ಒಂದು ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಅಂಟಿಸುವ ಚಿತ್ರ), ಕಂಪ್ರೆಸ್ ಮಾಡಿದ ಮೇಲೂ, ಮಿಪ್‌ಮ್ಯಾಪ್ (ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿಸಿ ಸುಮಾರು 21 ಎಂಬಿ ಹಿಡಿಯುತ್ತದೆ. ಅಂಥ 100 ಇದ್ದರೆ 2 ಜಿಬಿ ಹೋಯಿತು. ಅದೇ 2048 ಅಳತೆಯದು (2ಕೆ) ಐದು ಎಂಬಿ ಚಿಲ್ಲರೆ, ಅಂದರೆ ಕಾಲು ಭಾಗ. ನಾನು ಒಮ್ಮೆ ಕೊಂಡ ಏರ್‌ಪೋರ್ಟ್ ಒಂದರ ಟೆಕ್ಸ್ಚರ್ ಫೋಲ್ಡರ್ ತೆಗೆದು ನೋಡಿದೆ. ಟರ್ಮಿನಲ್ ಗೋಡೆಗೆ 4ಕೆ ಇರಲಿ, ಅದು ಕಾಣುತ್ತೆ. ಲಗೇಜ್ ಟ್ರಾಲಿಗೂ 4ಕೆ, ಕೋನ್‌ಗೂ 4ಕೆ! ಕಾಕ್‌ಪಿಟ್‌ನಲ್ಲಿ ಕೂತವರಿಗೆ ಆ ಕೋನ್ ಕಾಣುವುದು ಬೆರಳ ತುದಿಯಷ್ಟು. ಕಾರ್ಡ್‌ನ ಮೆಮೊರಿ ತುಂಬಿ ತುಳುಕಿದಾಗ ಡ್ರೈವರ್ ಟೆಕ್ಸ್ಚರ್‌ಗಳನ್ನು ಮಾಮೂಲಿ ರ‍್ಯಾಮ್‌ಗೂ ಕಾರ್ಡ್‌ಗೂ ನಡುವೆ ಓಡಾಡಿಸುತ್ತದೆ. ಜರ್ಕ್ ಹುಟ್ಟುವುದು ಅಲ್ಲೇ. ಇದಕ್ಕೆ ಮದ್ದು: ಟೆಕ್ಸ್ಚರ್ ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿ. ಸೀನರಿ ಜೊತೆ 2ಕೆ ಪ್ಯಾಕ್ ಕೊಟ್ಟಿದ್ದರೆ ಹಿಂದೆಮುಂದೆ ನೋಡದೆ ಅದನ್ನೇ ಹಾಕಿ. ವಿಮಾನದ ಲಿವರಿ (ಹೊರಮೈಯ ಬಣ್ಣ, ವಿನ್ಯಾಸ), ಹಿಂದೆ ತೆರೆದಿಟ್ಟ ಬ್ರೌಸರ್, ಇವೂ ಅದೇ ಮೆಮೊರಿಯನ್ನು ತಿನ್ನುತ್ತವೆ ಅನ್ನುವುದು ನೆನಪಿರಲಿ.

ಮೇನ್ ಥ್ರೆಡ್ ಅಂತ ತೋರಿಸಿದರೆ ಕತೆ ಬೇರೆ. ಇಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೂ ಹೆಚ್ಚು ಪ್ರಯೋಜನ ಆಗುವುದಿಲ್ಲ. ಸಿಪಿಯುಗೆ ಎಷ್ಟೇ ಕೋರ್ ಇದ್ದರೂ ಸಿಮ್‌ನ ಮುಖ್ಯ ಕೆಲಸದ ದೊಡ್ಡ ಪಾಲು ಒಂದೇ ಥ್ರೆಡ್‌ನಲ್ಲಿ ನಡೆಯುತ್ತದೆ. ಬಿಡಿಬಿಡಿ ವಸ್ತುಗಳು ಜಾಸ್ತಿಯಾದಷ್ಟೂ, ಓಡಾಡುವ ಎಐ ವಿಮಾನಗಳು, ಗ್ರೌಂಡ್ ವಾಹನಗಳು ಸೇರಿದಷ್ಟೂ ಅದರ ಮೇಲೆ ಹೊರೆ. ಮೊದಲು ಟ್ರಾಫಿಕ್ ಇಳಿಸಿ. ಆಮೇಲೆ ಟೆರೇನ್ ಎಲ್‌ಒಡಿ (ನೆಲ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣಬೇಕು ಅನ್ನುವ ಸೆಟ್ಟಿಂಗ್). 100 ಇದ್ದದ್ದನ್ನು 200 ಮಾಡಿದರೆ ಸ್ಪಷ್ಟವಾಗಿ ಕಾಣುವ ದೂರ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ, ಆದರೆ ಸಿಮ್ ಸಂಭಾಳಿಸಬೇಕಾದ ನೆಲ ನಾಲ್ಕು ಪಟ್ಟು. ಹಾಗಾಗಿ ಬೆಟ್ಟಗುಡ್ಡದ ಮೇಲೆ ಹಾರುವಾಗ 200 ಇಡಿ, ದೊಡ್ಡ ಏರ್‌ಪೋರ್ಟ್‌ಗೆ ಹೋಗುವ ದಿನ 100ಕ್ಕೆ ಇಳಿಸಿ. ಗ್ಲಾಸ್ ಕಾಕ್‌ಪಿಟ್ (ವಿಮಾನದೊಳಗಿನ ಡಿಜಿಟಲ್ ಪರದೆಗಳು) ರಿಫ್ರೆಶ್ ರೇಟ್ ಕಮ್ಮಿ ಮಾಡಿದರೂ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಎರಡೂ ಸರಿಯಿದ್ದು ಆಗೊಂದು ಈಗೊಂದು ಜರ್ಕ್ ಬರುತ್ತಿದ್ದರೆ ಅದು ಲೋಡಿಂಗ್. ಸಿಮ್ ಮತ್ತು ಸೀನರಿ ಎಸ್‌ಎಸ್‌ಡಿಯಲ್ಲೇ ಇರಲಿ. ಆಂಟಿವೈರಸ್‌ಗೆ ಆ ಫೋಲ್ಡರ್ ಬಿಟ್ಟುಬಿಡಲು ಹೇಳಿ, ಇಲ್ಲದಿದ್ದರೆ ಪ್ರತಿ ಫೈಲ್ ತೆರೆದಾಗಲೂ ಅದು ಮೂಗು ತೂರಿಸುತ್ತದೆ. (ಫೈಲ್ ನಂಬಿಕಸ್ತ ಕಡೆಯಿಂದ ಬಂದಿದ್ದರೆ ಮಾತ್ರ ಹೀಗೆ ಮಾಡಿ.)

ಫ್ರೇಮ್ ಲಾಕ್ (ಎಫ್‌ಪಿಎಸ್ ಅನ್ನು ಒಂದು ಮಿತಿಗೆ ಕಟ್ಟಿಹಾಕುವುದು) ಬಗ್ಗೆ ತುಂಬ ಜನ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿದ್ದು ಅದೇ. ನಿಮ್ಮ ಮಾನಿಟರ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ರಿಫ್ರೆಶ್ ಆಗುವಂಥದ್ದು ಅಂದುಕೊಳ್ಳಿ. 40 ಎಫ್‌ಪಿಎಸ್ ಬರುತ್ತಿದ್ದು ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ರಿಫ್ರೆಶ್‌ಗೆ ಹೊಂದಿಸುವ ಸೆಟ್ಟಿಂಗ್) ಆನ್ ಇದ್ದರೆ, ಒಂದು ಫ್ರೇಮ್ ಒಂದು ರಿಫ್ರೆಶ್ ನಿಲ್ಲುತ್ತದೆ, ಮುಂದಿನದು ಎರಡು ರಿಫ್ರೆಶ್ ನಿಲ್ಲುತ್ತದೆ, ಮತ್ತೆ ಒಂದು, ಮತ್ತೆ ಎರಡು. ಕುಂಟಿದ ಹಾಗೆ ಕಾಣುವುದು ಇದರಿಂದಲೇ. 30ಕ್ಕೆ ಕಟ್ಟಿಹಾಕಿದರೆ ಎಲ್ಲ ಫ್ರೇಮ್‌ಗಳೂ ಎರಡೆರಡು ರಿಫ್ರೆಶ್, ಒಂದೇ ಲಯ. ಸಿಪಿಯುಗೂ ಸೀನರಿ ಲೋಡ್ ಮಾಡಲು ಬಿಡುವು ಸಿಗುತ್ತದೆ. ಫ್ರೇಮ್‌ಗೆ ತಕ್ಕಂತೆ ತನ್ನ ರಿಫ್ರೆಶ್ ಬದಲಿಸಿಕೊಳ್ಳುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಮಾನಿಟರ್ ಇದ್ದವರಿಗೆ ಇದು ಅಷ್ಟು ಮುಖ್ಯವಲ್ಲ.

ಇಷ್ಟಾದರೂ ಹೋಗದಿದ್ದರೆ ತಪ್ಪು ಯಾವುದೋ ಒಂದು ಪ್ಯಾಕೇಜ್‌ನಲ್ಲಿರಬಹುದು. ಸಿಮ್ ಮುಚ್ಚಿ, ಮೈಕ್ರೋಸಾಫ್ಟ್ ಸಿಮ್‌ನಲ್ಲಾದರೆ ಕಮ್ಯುನಿಟಿ ಫೋಲ್ಡರ್‌ನಲ್ಲಿ (ಆಡ್-ಆನ್‌ಗಳನ್ನು ಹಾಕುವ ಜಾಗ) ಇರುವುದನ್ನೆಲ್ಲ ಬೇರೆ ಕಡೆ ಎತ್ತಿಟ್ಟು ಹಾರಿಸಿ. ಜರ್ಕ್ ಹೋಯಿತಾ? ಈಗ ಅರ್ಧದಷ್ಟು ವಾಪಸ್ ಹಾಕಿ. ಬಂದರೆ ಆ ಅರ್ಧದಲ್ಲಿದೆ, ಬರದಿದ್ದರೆ ಇನ್ನರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 40 ಪ್ಯಾಕೇಜ್ ಇದ್ದರೂ ಆರು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಏರ್‌ಪೋರ್ಟ್‌ಗೆ ಎರಡು ಸೀನರಿ ಕೂತಿದೆಯಾ ಅಂತಲೂ ನೋಡಿ, ಹಳೆಯ ಉಚಿತ ಸೀನರಿ ಮರೆತುಹೋಗಿರುತ್ತದೆ. ಎಕ್ಸ್-ಪ್ಲೇನ್‌ನಲ್ಲಿ ಫೈಲ್ ಎತ್ತಿಡುವ ಕೆಲಸವೂ ಇಲ್ಲ, ಸೀನರಿ ಪ್ಯಾಕ್ಸ್ ಐಎನ್‌ಐ ಫೈಲ್‌ನಲ್ಲಿ ಆ ಸಾಲನ್ನು ಡಿಸೇಬಲ್ಡ್ ಅಂತ ಬದಲಿಸಿದರೆ ಸಾಕು. ಅಲ್ಲಿ ಆರ್ಥೋ ಫೋಟೋ (ಮೇಲಿಂದ ತೆಗೆದ ನಿಜವಾದ ನೆಲದ ಚಿತ್ರ) ಬಳಸಿ ನೆಲ ಮಾಡಿಕೊಳ್ಳುವವರು ಜೂಮ್ ಲೆವೆಲ್ ಕಡೆ ಗಮನ ಕೊಡಿ, 17ರಿಂದ 18ಕ್ಕೆ ಏರಿಸಿದರೆ ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಏರ್‌ಪೋರ್ಟ್ ಸುತ್ತ ಮಾತ್ರ 18 ಇಟ್ಟರೆ ಸಾಕು.

ಪ್ರತಿ ಸಲ ಪರೀಕ್ಷೆ ಮಾಡುವಾಗ ಒಂದೇ ಒಂದು ವಿಷಯ ಬದಲಿಸಿ. ಅದೇ ವಿಮಾನ, ಅದೇ ಹವಾಮಾನ, ಅದೇ ಹೊತ್ತು. ಹತ್ತು ಮೈಲಿ ಫೈನಲ್‌ನಲ್ಲಿ ಫ್ಲೈಟ್ ಸೇವ್ ಮಾಡಿಟ್ಟುಕೊಂಡರೆ ಪ್ರತಿ ಸುತ್ತಿಗೂ ಮೊದಲಿಂದ ಹಾರಿ ಬರಬೇಕಾಗಿಲ್ಲ. ಲೈವ್ ವೆದರ್ ಆಫ್ ಮಾಡಿ, ಯಾಕೆಂದರೆ ನಿನ್ನೆ ಮೋಡ ಇದ್ದು ಇವತ್ತು ಇಲ್ಲದಿದ್ದರೆ ನಿಮ್ಮ ಸೆಟ್ಟಿಂಗ್ ಕೆಲಸ ಮಾಡಿತೋ ಆಕಾಶ ತಿಳಿಯಾಗಿದ್ದಕ್ಕೆ ಸರಿಹೋಯಿತೋ ಗೊತ್ತಾಗುವುದೇ ಇಲ್ಲ. ಜೊತೆಗೆ ಒಂದು ಚೀಟಿಯಲ್ಲಿ ಏನು ಬದಲಿಸಿದಿರಿ, 500 ಅಡಿಯಲ್ಲಿ ಫ್ರೇಮ್ ಟೈಮ್ ಎಷ್ಟಿತ್ತು, ಇವೆರಡನ್ನು ಬರೆದಿಟ್ಟುಕೊಳ್ಳಿ.