ಸುತ್ತ ನಿಂತವರಲ್ಲಿ ನಾನೂ ಒಬ್ಬ

ಹಳೇ ದಾವಣಗೆರೆಯಲ್ಲಿ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ಸಂಜೆಯಾದರೆ ಅದರ ಮುಂದೆ ಹುಡುಗರು ಸೇರುತ್ತಾರೆ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ, ಮಾತಿಗೆ ಮಾತು ಬೆಳೆದರೆ ಕಾಲರ್ ಹಿಡಿಯುತ್ತಾರೆ. ನನಗೆ ಅದೊಂದು ಟೈಂಪಾಸ್ ಆಗಿತ್ತು.

ಒಂದು ಸಂಜೆ ಹ್ಯಾಂಡಲ್ ತಾಗಿದ್ದಕ್ಕೆ ಇಬ್ಬರಿಗೆ ಜಗಳ ಹತ್ತಿತು. ಬಣ್ಣ ಕೂಡ ಕಿತ್ತಿರಲಿಲ್ಲ. ಸ್ಪ್ಯಾನರ್ ಹಿಡಿದುಕೊಂಡೇ ನಾನು ಬಾಗಿಲಿಗೆ ಬಂದು ನಿಂತೆ. ಯಾರೋ ‘ಹೊಡಿಯಲೇ ನೋಡಾಣ’ ಅಂದರು. ನಾನು ನಕ್ಕೆ. ಮರುದಿನ ರಾತ್ರಿ ಏಟು ತಿಂದವನ ಕಡೆಯವರು ಬಂದು ಇನ್ನೊಬ್ಬನ ತಲೆ ಒಡೆದರು. ಹದಿನಾಲ್ಕು ಹೊಲಿಗೆ ಬಿದ್ದವು. ವಾರದ ಮೇಲೆ ಅವನ ಬೈಕ್ ಒಯ್ಯಲು ಅವನ ತಾಯಿ ಬಂದರು. ‘ಅಣ್ಣಾ, ನೀವು ಅಲ್ಲೇ ಇದ್ರಂತಲ್ಲ?’ ಎಂದಷ್ಟೇ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ಮೇಲೆ ಸುಮ್ನೆ ನಿಂತು ನೋಡಬಾರದು, ಹೊಡೆದಾಟ ತಡೆಯಬೇಕು ಅನ್ನಿಸಿತು. ಮೊದಲು ಕೈ ಹಾಕಿದ್ದು ಬೀದಿಗಲ್ಲ, ನನ್ನ ಕೈಗೇ. ಗ್ಯಾರೇಜಿನ ಹುಡುಗ ನಟ್ಟು ತಪ್ಪು ಹಾಕಿದರೆ ನಾನು ತಲೆಗೊಂದು ಬಿಗಿಯುತ್ತಿದ್ದೆ. ನನಗೆ ಕಲಿಸಿದವರೂ ಹಾಗೇ ಬಿಗಿದಿದ್ದರು, ಕೆಲಸ ಹತ್ತುವುದೇ ಹಾಗೆ ಅಂದುಕೊಂಡಿದ್ದೆ. ಹುಡುಗನಿಗೆ ಹೇಳಿದೆ: ‘ಇನ್ಮೇಲೆ ಹೊಡೆದ್ರೆ ಅವತ್ತು ಡಬಲ್ ಪಗಾರ.’ ಮೊದಲ ತಿಂಗಳು ಎರಡು ಸಲ ಕೊಟ್ಟೆ. ದುಡ್ಡು ಹೋದಾಗ ಬುದ್ಧಿ ಬೇಗ ಬರುತ್ತದೆ, ಅಲ್ವಾ?

ಇನ್ನು ಬೀದಿ ಜಗಳ. ಅದನ್ನು ಬಿಡಿಸಲು ನಾನು ಕಲಿತದ್ದು ತಪ್ಪು ಮಾಡಿಯೇ. ಒಮ್ಮೆ ಒಬ್ಬನನ್ನು ಹಿಂದಿನಿಂದ ತಬ್ಬಿ ಹಿಡಿದೆ. ಅವನ ಕೈ ನನ್ನ ಹಿಡಿತದಲ್ಲಿ, ಎದುರಿನವನು ಪುಕ್ಕಟೆ ಎರಡು ಏಟು ಕೊಟ್ಟ. ಈಗ ನಾನು ಯಾರನ್ನೂ ಹಾಗೆ ಹಿಡಿಯುವುದಿಲ್ಲ. ನೋಡುವವರ ಕಡೆಗೆ ಹೋಗುತ್ತೇನೆ. ‘ಫೋನ್ ಒಳಗಿಡ್ರೋ, ನಡೀರಿ ನಡೀರಿ’ ಅಂತ ಅವರನ್ನು ಚದುರಿಸುತ್ತೇನೆ. ಸುತ್ತ ಜನ ಇದ್ದಾಗ ಹಿಂದೆ ಸರಿದರೆ ಮರ್ಯಾದೆ ಹೋಯ್ತು ಅನ್ನಿಸುತ್ತದೆ. ಜನ ಕರಗಿದರೆ ಇಬ್ಬರಿಗೂ ಉಸಿರು ಬರುತ್ತದೆ. ಆಮೇಲೆ ಒಬ್ಬನನ್ನು ಹೆಸರು ಹಿಡಿದು ಕರೆದು ನೀರು ಕೊಡುತ್ತೇನೆ. ತಪ್ಪು ಯಾರದು ಅಂತ ಆವಾಗ ಕೇಳುವುದೇ ಇಲ್ಲ. ಕೇಳಿದರೆ ಜಗಳ ಮತ್ತೆ ಮೊದಲಿನಿಂದ ಶುರು.

ಚಾಕು ಕಂಡರೆ ಮಾತ್ರ ಹತ್ತಿರ ಹೋಗುವುದಿಲ್ಲ. ದೂರ ನಿಂತು 112ಕ್ಕೆ ಫೋನ್ ಮಾಡುತ್ತೇನೆ. ಅದು ಹೇಡಿತನ ಅಂತ ಯಾರಾದರೂ ಅಂದರೆ ಅನ್ನಲಿ. ನನಗೂ ಹೆಂಡತಿ ಮಕ್ಕಳಿದ್ದಾರೆ.

ಅಸಲು ಕೆಲಸ ಇರುವುದು ಮರುದಿನ. ಏಟು ತಿಂದವನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರುವುದಿಲ್ಲ, ಜಗಳದ ವಿಡಿಯೊ ಗ್ರೂಪುಗಳಿಗೆ ಹೋಗಿರುತ್ತದೆ, ಬೇರೆ ಏರಿಯಾದ ಗೆಳೆಯರು ‘ನಾವಿದೀವಿ ಬಿಡು’ ಅಂದಿರುತ್ತಾರೆ. ಸಂಜೆ ಅವರು ಬರುವುದರೊಳಗೆ ನಾನು ಅವನ ಮನೆಗೆ ಹೋಗಬೇಕು. ಬುದ್ಧಿ ಹೇಳಲು ಅಲ್ಲ, ಸುಮ್ನೆ ಕೂರಲು. ಅವನು ಎರಡು ತಾಸು ಬೈಯುತ್ತಾನೆ, ನಾನು ಚಹಾ ಕುಡಿಯುತ್ತೇನೆ. ಒಮ್ಮೆ ಪಕ್ಕದ ಬೀದಿಯ ಚಾಚಾರನ್ನೂ ಕರೆದುಕೊಂಡು ಹೋಗಿದ್ದೆ, ಹಳೇ ಮಿಲ್ ಕಾರ್ಮಿಕರು. ನನಗಿಂತ ಅವರ ಮಾತಿಗೆ ತೂಕ ಜಾಸ್ತಿ. ಯಾಕೆಂದರೆ ಅವರು ಮಾತಾಡುವುದೇ ಕಡಿಮೆ.

ಬೈಕ್ ಸರ್ವಿಸ್‌ಗೆ ಬರುವ ಮೇಷ್ಟ್ರೊಬ್ಬರು ಇದನ್ನು ಕೇಳಿ ಶಿಕಾಗೋ ಕಥೆ ಹೇಳಿದರು. ಆಫ್ರಿಕಾದಲ್ಲಿ ಕಾಲರಾ, ಕ್ಷಯದಂಥ ರೋಗಗಳ ಮೇಲೆ ಕೆಲಸ ಮಾಡಿದ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು ಊರಿಗೆ ವಾಪಸಾಗಿ, ಹಿಂಸೆಯೂ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗದಂತೆ ಅಂದರಂತೆ. 2000ದಲ್ಲಿ ಅಲ್ಲಿನ ಒಂದು ಬಡಾವಣೆಯಲ್ಲಿ ಕೆಲಸ ಶುರುವಾಯಿತು. ಆ ಬೀದಿಗಳನ್ನು ಬಲ್ಲವರನ್ನೇ ಸೇಡು ತಡೆಯಲು ಕಳಿಸಿದರು. ‘ಅಲ್ಲಿ ಪಗಾರ ಕೊಡ್ತಾರಂತೆ’ ಅಂದರು ಮೇಷ್ಟ್ರು. ನನಗೆ ಸಿಗುವುದು ಚಹಾ.

ಒಂದು ಕಡೆ ಮಾತ್ರ ನನ್ನ ಈ ವಿದ್ಯೆ ನಡೆಯುವುದಿಲ್ಲ. ನಮ್ಮ ಮನೆಯ ಹಿಂದಿನ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯುತ್ತಿದ್ದ. ನಾವು ಟಿ.ವಿ. ಸೌಂಡ್ ಜೋರು ಮಾಡುತ್ತಿದ್ದೆವು. ಆಮೇಲೆ ನಾನು ಹೋಗಿ ರಾಜಿ ಮಾಡಿಸಿದೆ. ಅದು ನನ್ನ ದೊಡ್ಡ ತಪ್ಪು. ‘ಮಂದಿ ಮುಂದೆ ಮಾನ ಕಳೆದೆ’ ಅಂತ ಅವತ್ತು ರಾತ್ರಿ ಆಕೆಗೆ ಇನ್ನೂ ಜಾಸ್ತಿ ಬಿತ್ತು. ಬೀದಿಯಲ್ಲಿ ಇಬ್ಬರೂ ಹೊಡೆದಾಡುತ್ತಾರೆ, ಇಲ್ಲಿ ಹೊಡೆಯುವವನು ಒಬ್ಬನೇ. ಇಂಥ ಕಡೆ ರಾಜಿ ಅಂದರೆ ಹೊಡೆದವನಿಗೇ ಲಾಭ. ನನ್ನ ಹೆಂಡತಿ ಅವನಿಲ್ಲದ ಹೊತ್ತು ನೋಡಿ ಹೋಗಿ ಆಕೆಗೆ ಮಹಿಳಾ ಸಹಾಯವಾಣಿಯ 181 ನಂಬರ್ ಹೇಳಿಬಂದಳು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ನೆರೆಮನೆಯವರೂ ಸಂರಕ್ಷಣಾಧಿಕಾರಿಗೆ, ಅಂದರೆ ಇಂಥ ಕೇಸಿಗೆಂದೇ ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ತೊಂದರೆ ಇಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ ಆಕೆ ತಾಯಿಮನೆಗೆ ಹೋಗಿಯಾಗಿತ್ತು.

ಹೊಲಿಗೆ ಬಿದ್ದ ಹುಡುಗ ಮತ್ತು ಅವತ್ತು ಏಟು ತಿಂದವನು, ಇಬ್ಬರೂ ಈಗಲೂ ನನ್ನ ಗ್ಯಾರೇಜಿಗೇ ಬರುತ್ತಾರೆ. ಒಬ್ಬನಿಗೆ ಬೆಳಿಗ್ಗೆ, ಇನ್ನೊಬ್ಬನಿಗೆ ಸಂಜೆ ಟೈಮ್ ಕೊಡುತ್ತಿದ್ದೆ. ಕಳೆದ ವಾರ ಲೆಕ್ಕ ತಪ್ಪಿ ಒಟ್ಟಿಗೇ ಬಂದುಬಿಟ್ಟರು. ಒಬ್ಬ ಫೋನ್ ನೋಡುತ್ತಾ ಕೂತ, ಇನ್ನೊಬ್ಬ ಗೋಡೆ ನೋಡುತ್ತಾ. ನಾನು ಮಂಡಕ್ಕಿ ತರಿಸಿದೆ. ಒಂದೇ ಪೇಪರಿನ ಮೇಲೆ ಸುರಿಯುವ ಧೈರ್ಯ ಬರಲಿಲ್ಲ. ಎರಡು ಪೊಟ್ಟಣ ಕಟ್ಟಿಸಿದ್ದೆ.